ಸ್ಯಾಕ್ಸೋಫೋನಿಗೆ ಒನ್ಸ್ ಮೋರ್

ನನಗೆ ಅಹಂಕಾರ ಸ್ವಲ್ಪ ಜಾಸ್ತಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅಲ್ಲಗಳೆಯುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರಾದವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿಕೊಂಡು ಬಂದವನು ನಾನು. ಹಗಲೆಲ್ಲ ಕಾಯಿ ಸುಲಿದವರ ತಲೆಗೆ ಸಂಜೆ ಕಿರೀಟ ಇಟ್ಟು ರಾಜರನ್ನಾಗಿ ಮಾಡಿದ್ದೇನೆ. ಇಂಥವನ ಎದುರು ಯಾರಾದರೂ ಹಾಡಿದರೆ, ಕುಣಿದರೆ, ಸುಮ್ಮನೆ ಕೂರುವುದು ಆಗದ ಕೆಲಸ. ಮದುವೆ ಮನೆಯಲ್ಲಿ ಆರತಿ ಹಾಡು ಹೇಳುವ ಹೆಂಗಸರಿಗೂ "ಶ್ರುತಿ, ಶ್ರುತಿ" ಎಂದು ಕೈಸನ್ನೆ ಮಾಡಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಹಾಗಾಗಿ ನನ್ನ ಅಕ್ಕನ ಮಗಳು ಹೇಮಾ ಫೋನ್ ಮಾಡಿ, "ಮಾವ, ನಮ್ ತಂಡಕ್ಕೆ ಪ್ರಾಕ್ಟೀಸ್ ಮಾಡೋಕೆ ಜಾಗ ಬೇಕು, ನಿಮ್ಮ ಕೊಬ್ಬರಿ ಗೋಡೌನ್ ಕೊಡ್ತೀರಾ?" ಎಂದಾಗ, ಅವಳು ಮಾತು ಮುಗಿಸುವ ಮೊದಲೇ ಕೊಟ್ಟುಬಿಟ್ಟೆ. ಹೇಮಾ ತುರುವೇಕೆರೆಯಲ್ಲಿ ಬೆಳೆದವಳು, ಈಗ ಬೆಂಗಳೂರಿನಲ್ಲಿ ಕಂಟೆಂಪರರಿ ನೃತ್ಯ ಸಂಯೋಜಿಸುತ್ತಾಳೆ. ಹಾಗಂದರೆ ಏನು ಎಂದು ಒಮ್ಮೆ ಕೇಳಿದ್ದೆ. ಕಥೆ ಇರಲ್ಲ, ದೇವರಿರಲ್ಲ, ಗೆಜ್ಜೆನೂ ಇರಲ್ಲ ಅಂದಳು. ಮತ್ತೆ ಇನ್ನೇನಿರುತ್ತೆ ಅಂದೆ. "ಮೈ ಇರುತ್ತೆ ಮಾವ" ಅಂದಳು. ಒಳ್ಳೆಯ ಉತ್ತರ. ನಾನು ಸೋತೆ, ಆದರೆ ತೋರಿಸಿಕೊಳ್ಳಲಿಲ್ಲ.

ಈ ಸಲ ಅವಳ ಜೊತೆಗೆ ಜಾಝ್ ವಾದ್ಯದವರಿದ್ದರು. ಡ್ರಮ್ಸ್ ಒಬ್ಬರದು, ಆಳುದ್ದದ ದೊಡ್ಡ ಪಿಟೀಲಿನಂಥ ಬೇಸ್ ಇನ್ನೊಬ್ಬರದು, ಸ್ಯಾಕ್ಸೋಫೋನ್ ನೆಲ್ಸನ್ ಎಂಬಾತನದು. ನಮ್ಮ ಸೀಮೆಯಲ್ಲಿ ಸ್ಯಾಕ್ಸೋಫೋನ್ ಅಂದರೆ ಮದುವೆ. ಮುಹೂರ್ತದ ಹೊತ್ತಿಗೆ ಊದುವುದಕ್ಕೇ ಅದು ಹುಟ್ಟಿದ್ದು ಎಂದು ನಂಬಿದ ಜನ ನಾವು. ನೆಲ್ಸನ್ ಗೋಡೌನಿನಲ್ಲಿ ಮೊದಲ ಸಲ ಊದಿದಾಗ ಪಕ್ಕದ ತೋಟದ ಅಜ್ಜಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದು, "ಯಾರ್ದು ಕಣಪ್ಪ ಮದ್ವೆ? ನಮ್ಗೆ ಒಂದ್ಮಾತು ಹೇಳ್ಲಿಲ್ವಲ್ಲ" ಎಂದು ಮುನಿಸಿಕೊಂಡಿತು. ನನ್ನ ಹೆಂಡತಿ ಕಾಫಿ ಕೊಟ್ಟು ಸಮಾಧಾನ ಮಾಡಬೇಕಾಯಿತು.

ನೆಲ್ಸನ್ ನನಗೆ ಒಂದಿಷ್ಟು ಇತಿಹಾಸ ಹೇಳಿದ. ಅಮೆರಿಕದ ಕರಿಯ ಜನರ ಎದೆಯಿಂದ ಹೊರಟ ಈ ಸಂಗೀತಕ್ಕೆ ಮೊದಮೊದಲು ಜನ ಕುಣಿಯುತ್ತಲೇ ಇದ್ದರಂತೆ. ಬರಬರುತ್ತಾ ವಾದ್ಯದವರ ವಿದ್ವತ್ತು ಹೆಚ್ಚಿತು, ಕುಣಿಯುತ್ತಿದ್ದವರು ಕುರ್ಚಿ ಎಳೆದುಕೊಂಡು ಕೂತು ತಲೆದೂಗಲು ಶುರು ಮಾಡಿದರು. ನಮ್ಮಲ್ಲಿ ರಾಗಕ್ಕೊಂದು ದಾರಿಯಿದ್ದು ವಿದ್ವಾಂಸ ತನ್ನ ಮನೋಧರ್ಮದಂತೆ ಅಲೆಯುತ್ತಾನಲ್ಲ, ಅವರದೂ ಅದೇ ಜಾತಿ. ಈಗ ಹೇಮಾಳಂಥವರು ಹೋಗಿ ಕುಣಿತವನ್ನು ಆ ಸಂಗೀತದ ಮನೆಗೆ ವಾಪಸ್ ಕರೆತಂದಿದ್ದಾರೆ. ಮುನಿಸಿಕೊಂಡು ಬೇರೆಯಾಗಿದ್ದ ಗಂಡ ಹೆಂಡತಿ ಮತ್ತೆ ಒಂದೇ ಸೂರಿನಡಿ ಬಂದ ಹಾಗೆ. ಹಾಗೆ ಬಂದವರು ಮೊದಲ ವಾರ ಎಷ್ಟು ಮರ್ಯಾದೆಯಿಂದ ಇರುತ್ತಾರೆ, ಆಮೇಲೆ ಹೇಗೆ ಕಿತ್ತಾಡುತ್ತಾರೆ ಎಂಬುದು ನಿಮಗೆ ತಿಳಿಯದ್ದಲ್ಲ.

ಇಲ್ಲೂ ಅದೇ ಆಯಿತು. ಆ ನೃತ್ಯದಲ್ಲಿ ಒಂದು ಜಾಗವಿದೆ. ಸ್ಯಾಕ್ಸೋಫೋನ್ ಒಂದು ಸ್ವರವನ್ನು ಹಿಡಿದು ನಿಲ್ಲಿಸಿ, ಎಂಟನೇ ಎಣಿಕೆಗೆ ಸರಿಯಾಗಿ ಮೇಲಕ್ಕೆ ಏರಿಸಬೇಕು. ಏರಿದ ಕ್ಷಣಕ್ಕೆ ಹೇಮಾ ಹಿಮ್ಮುಖವಾಗಿ ಹಾರಬೇಕು. ಜೊತೆ ನರ್ತಕ ಸುಹಾಸ್ ಅದೇ ಸ್ವರ ಕೇಳಿ ಓಡಿಬಂದು ಹಿಡಿಯಬೇಕು. ಒಂದು ದಿನ ನೆಲ್ಸನ್ ಸ್ವರವನ್ನು ಏರಿಸುವಂತೆ ಮಾಡಿ ಇನ್ನೆಲ್ಲಿಗೋ ತಿರುಗಿಬಿಟ್ಟ. ಎಣಿಸಿಕೊಂಡಿದ್ದ ಹೇಮಾ ಹಾರಿದಳು. ಸ್ವರಕ್ಕೆ ಕಾಯುತ್ತಿದ್ದ ಸುಹಾಸ್ ನಿಂತಲ್ಲೇ ಇದ್ದ. ಅವಳು ಬಿದ್ದ ಸದ್ದಿಗೆ ನಾನು ಎದ್ದು ಓಡಿದೆ. ಮಂಡಿ ಊದಿಕೊಂಡಿತು.

"ಎಂಟಕ್ಕೆ ಏರಿಸ್ತೀನಿ ಅಂದಿದ್ರಿ" ಅಂದಳು, ಕಣ್ಣಲ್ಲಿ ನೀರು.

"ನಿನ್ನೆ ಎಂಟು ಸರಿ ಇತ್ತು. ಇವತ್ತು ಹಾಗನ್ನಿಸಲಿಲ್ಲ" ಅಂದ ನೆಲ್ಸನ್. ಮುಖ ಬಿಳಿಚಿಕೊಂಡಿತ್ತು, ಆದರೂ ಸುಳ್ಳು ಹೇಳಲಿಲ್ಲ. ಮತ್ತೆ ಮತ್ತೆ ಕ್ಷಮೆ ಕೇಳಿದ.

ನನ್ನ ಹೆಂಡತಿ ಉಪ್ಪಿನ ಕಾವು ಕೊಡುತ್ತಿದ್ದಾಗ ಹೇಮಾ ನನಗೆ ಹೇಳಿದಳು: "ಇಲ್ಲಿ ಕಂದಿಕೆರೆ ಸ್ಕೂಲಲ್ಲಿ ಒಪ್ಕೊಂಡಿರೋ ಶೋ ಒಂದು ಆಗ್ಲಿ ಮಾವ. ಅಲ್ಲೂ ಹಿಂಗೇ ಆದ್ರೆ ಬೆಂಗಳೂರಿನ ಶೋಗೆ ರೆಕಾರ್ಡ್ ಹಾಕ್ಕೊಂಡು ಕುಣೀತೀನಿ. ರೆಕಾರ್ಡು ಮಂಡಿ ಮುರಿಯಲ್ಲ."

ಅವಳು ಹೇಳಿದ್ದು ನ್ಯಾಯವೇ. ಆದರೆ ಊದುವ ಮನುಷ್ಯನನ್ನು ಮನೆಗೆ ಕಳಿಸಿ ಯಂತ್ರಕ್ಕೆ ಕುಣಿಯುವುದು ನನ್ನಂಥವನ ಕಿವಿಗೆ ಒಪ್ಪುವ ಮಾತೇ? ನಮ್ಮ ರಾಜಪಾರ್ಟಿನ ಬಸವಣ್ಣನನ್ನೇ ನೋಡಿ. ನಾನು ಹಾರ್ಮೋನಿಯಂನ ಎರಡನೇ ಕಪ್ಪು ಮನೆ ಒತ್ತಿ ಶ್ರುತಿ ಕೊಟ್ಟರೆ ಅವನು ತನಗೆ ತೋಚಿದ ಕಡೆ ಹಾಡು ಎತ್ತುತ್ತಾನೆ. ಬೆರಳು ಓಡಿಸಿಕೊಂಡು ಹೋಗಿ ಅವನನ್ನು ಹಿಡಿಯುವಷ್ಟರಲ್ಲಿ ನನಗೆ ಬೆವರಿಳಿದಿರುತ್ತದೆ. ಬೈದುಕೊಂಡಿದ್ದೇನೆಯೇ ಹೊರತು, ಅವನಿಲ್ಲದ ನಾಟಕ ಬೇಕು ಎಂದು ಯಾವತ್ತೂ ಅನ್ನಿಸಿಲ್ಲ.

ಮಂಡಿ ವಾಸಿಯಾದ ಮೇಲೆ ಕಂದಿಕೆರೆ ಶಾಲೆಯ ರಂಗಮಂಟಪದಲ್ಲಿ ಒಂದು ಸಂಜೆ ಪ್ರದರ್ಶನ ಆಯಿತು. ನನ್ನ ನಾಟಕದ ಬಳಗವೆಲ್ಲ ಬಂದಿತ್ತು, ಮುಂದಿನ ಸಾಲಿನಲ್ಲಿ ಬಸವಣ್ಣ. ನಾನು ಅಭ್ಯಾಸಬಲದಿಂದ ರಂಗದ ಪಕ್ಕದಲ್ಲಿ, ಮೇಷ್ಟ್ರು ಕೂರುವ ಜಾಗದಲ್ಲಿ ಕೂತೆ. ಹಾರ್ಮೋನಿಯಂ ಇರಲಿಲ್ಲ, ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿತ್ತು. ಆ ಜಾಗ ಬಂತು. ನೆಲ್ಸನ್ ಸ್ವರ ಹಿಡಿದ, ಎಂಟಕ್ಕೆ ಸರಿಯಾಗಿ ಏರಿಸಿದ, ಹೇಮಾ ಹಾರಿದಳು, ಸುಹಾಸ್ ಹಿಡಿದ. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಬಸವಣ್ಣ ಎದ್ದು ನಿಂತು ಕೂಗಿದ: "ಒನ್ಸ್ ಮೋರ್!"

ಬೆಂಗಳೂರಿನವರಿಗೆ ಇದರ ಗಾಂಭೀರ್ಯ ಗೊತ್ತಿಲ್ಲ. ನಮ್ಮ ನಾಟಕಗಳಲ್ಲಿ ಒನ್ಸ್ ಮೋರ್ ಎಂದರೆ ಅದು ಕೋರಿಕೆಯಲ್ಲ, ಆಜ್ಞೆ. ಸತ್ತು ಬಿದ್ದ ರಾಜನೂ ಎದ್ದು, ಪಂಚೆ ಸರಿಮಾಡಿಕೊಂಡು, ಅದೇ ಹಾಡು ಹಾಡಿ ಇನ್ನೊಮ್ಮೆ ಸಾಯಬೇಕು. ನೋಡನೋಡುತ್ತಾ ಇಡೀ ಸಭೆ ಒನ್ಸ್ ಮೋರ್ ಎಂದು ಚಪ್ಪಾಳೆ ಹಾಕತೊಡಗಿತು. ವಾದ್ಯ ನಿಂತಿತು.

ನೆಲ್ಸನ್ ಗಾಬರಿಯಿಂದ ನನ್ನತ್ತ ಬಾಗಿದ. "ಸರ್, ಅದನ್ನೇ ನುಡಿಸಬೇಕಾ? ಏನು ನುಡಿಸಿದೆ ಅಂತ ನನಗೇ ಗೊತ್ತಿಲ್ಲ."

"ಎಣಿಸ್ಕೊಂಡು ನುಡಿಸಪ್ಪ, ಬರುತ್ತೆ" ಅಂದೆ, ಮೇಷ್ಟ್ರ ಗತ್ತಿನಲ್ಲಿ.

ಅವನು ಅತ್ತ ಹೋದ, ಹೇಮಾ ಇತ್ತ ಬಂದಳು. "ಮಾವ, ಅವ್ರಿಗೆ ಅದನ್ನೇ ಮತ್ತೆ ನುಡಿಸೋಕೆ ಬರಲ್ಲ. ಏನ್ಮಾಡ್ಲಿ?"

"ಎಣಿಸೋದು ಬುಡವ್ವ. ಅವನು ಎಲ್ಲಿಗೆ ಹೋಗ್ತಾನೋ ಅಲ್ಲಿಗೆ ಹೋಗು."

ಎರಡೂ ಒಳ್ಳೆಯ ಸಲಹೆಗಳೇ. ಇಬ್ಬರಿಗೂ ಒಟ್ಟಿಗೆ ಕೊಡಬಾರದಿತ್ತು ಅಷ್ಟೆ.

ನೆಲ್ಸನ್ ಶಾಲೆಯ ಹುಡುಗ ಮಗ್ಗಿ ಒಪ್ಪಿಸುವಂತೆ ಎಣಿಸಿ ಎಣಿಸಿ ಊದಿದ. ಹೇಮಾ ಅವನು ಈಗ ತಿರುಗುತ್ತಾನೆ, ಇನ್ನೇನು ತಿರುಗುತ್ತಾನೆ ಎಂದು ಕಾದು ಕಾದು, ತಾನೇ ತಿರುಗಿಬಿಟ್ಟಳು. ಅವನು ಎಂಟಕ್ಕೆ ಏರಿಸಿದಾಗ ಅವಳು ರಂಗದ ಇನ್ನೊಂದು ಮೂಲೆಯಲ್ಲಿದ್ದಳು. ಸುಹಾಸ್ ಓಡಿಬಂದು ಖಾಲಿ ಗಾಳಿಯನ್ನು ಹಿಡಿದ. ಅಯ್ಯೋ ಶಿವನೇ, ಕೆಟ್ಟಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಹೇಮಾ ನಗುತ್ತಿದ್ದಳು. ರಂಗದ ಮೇಲೆ, ಎಲ್ಲರೆದುರು, ಬಾಯಿ ತುಂಬ. ಈ ಮನುಷ್ಯ ತನಗೋಸ್ಕರ ಎಣಿಸಿದ ಎಂದು ಅವಳಿಗೆ ಗೊತ್ತಾಗಿತ್ತು. ಅವಳು ತನಗೋಸ್ಕರ ಎಣಿಕೆ ಬಿಟ್ಟಳು ಎಂದು ಅವನಿಗೂ. ನೆಲ್ಸನ್ ಕೂಡ ನಕ್ಕ, ನಗುವಿಗೆ ಸ್ವರ ಒಡೆಯಿತು. ಒಡೆದ ಸ್ವರವನ್ನೇ ಹಿಡಿದು ಬೇರೆ ದಾರಿ ತುಳಿದ, ಅವಳ ಮೇಲಿಟ್ಟ ಕಣ್ಣು ಕದಲಿಸಲಿಲ್ಲ. ಅವಳು ಸುಹಾಸನತ್ತ ಒಮ್ಮೆ ನೋಡಿ ಓಡಿದಳು. ಅವಳ ಕಾಲು ನೆಲ ಬಿಡುವುದಕ್ಕೂ ಸ್ವರ ಏರುವುದಕ್ಕೂ ಕೂದಲೆಳೆಯ ಅಂತರವೂ ಇರಲಿಲ್ಲ. ಸುಹಾಸ್ ಹೂವಿನಂತೆ ಹಿಡಿದ. ನನಗೆ ಅಳು ಬಂತು, ಸಂತೋಷಕ್ಕೆ.

ಆಟ ಮುಗಿದ ಮೇಲೆ ಬಸವಣ್ಣ ಮುಖ ಊದಿಸಿಕೊಂಡು ಬಂದ.

"ಇದು ಮೋಸ ಕಣ್ರೀ ಮೇಷ್ಟ್ರೇ. ಒನ್ಸ್ ಮೋರ್ ಅಂದ್ರೆ ಅದನ್ನೇ ಆಡ್ಬೇಕು. ಇವ್ರು ಬ್ಯಾರೇನೇ ಆಡುದ್ರು."

"ಚೆನ್ನಾಗಿರಲಿಲ್ವಾ ಅಣ್ಣ?" ಅಂದಳು ಹೇಮಾ.

"ಚೆನ್ನಾಗಿತ್ತು ಕಣವ್ವ, ಇಲ್ಲ ಅಂದ್ನಾ? ಅದ್ಕೂ ಒನ್ಸ್ ಮೋರ್ ಅನ್ಬೇಕು ಅನ್ನುಸ್ತು. ಆದ್ರೆ ನಂಗೆ ಮೊದಲ್ನೇದು ಬಾಕಿ ಅದೆ. ಬೆಂಗಳೂರಲ್ಲಿ ಯಾವತ್ತು ಆಟ? ಅಲ್ಲಿಗೇ ಬತ್ತೀನಿ. ಅಲ್ಲಾದ್ರೂ ಅದನ್ನ ಆಡ್ತಾರಾ ನೋಡೇಬುಡ್ತೀನಿ."

ಹೇಮಾ ನೆಲ್ಸನ್ ಕಡೆ ತಿರುಗಿದಳು. "ಕೇಳಿಸ್ತಾ? ಬೆಂಗಳೂರಿಗೆ ನೀವು ಬರ್ದಿದ್ರೆ ಇವ್ರಿಗೆ ಉತ್ತರ ಕೊಡೋರು ಯಾರು?"

ನೆಲ್ಸನ್ ಸ್ಯಾಕ್ಸೋಫೋನನ್ನು ಎದೆಗೆ ಒತ್ತಿಕೊಂಡು, ಬರ್ತೀನಿ ಎಂಬಂತೆ ತಲೆಯಾಡಿಸಿದ.

ಬಸವಣ್ಣ ಆಗಲೇ ಯಾವ ಬಸ್ಸಿಗೆ ಹೋದರೆ ಅನುಕೂಲ ಎಂದು ಲೆಕ್ಕ ಹಾಕುತ್ತಿದ್ದ. ಅವನು ಕೇಳುತ್ತಿರುವುದು ಬೆಂಗಳೂರಿನಲ್ಲೂ ಸಿಗುವುದಿಲ್ಲ, ಇನ್ನೆಲ್ಲೂ ಸಿಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಎಲ್ಲರಿಗೂ ಸಲಹೆ ಕೊಡುವ ನಾನು ಅವತ್ತು ಬಾಯಿ ಬಿಡಲಿಲ್ಲ. ಹೇಳಿಬಿಟ್ಟರೆ ಆ ಮಹಾರಾಯ ಬರುವುದನ್ನೇ ನಿಲ್ಲಿಸಿಬಿಟ್ಟಾನು.