ಚಿಕ್ಕಮ್ಮನ ಕಾಲಿನ ಇರುವೆ

“ಬಚ್ಚಲದಾಗ ಇರುವಿ ಮುತ್ತತಿದ್ವೇನ್ರಿ?” ಹೊಸಪೇಟೆಯ ಆಸ್ಪತ್ರೆಯಲ್ಲಿ ಚಿಕ್ಕಮ್ಮನ ಕೊಳೆತ ಪಾದ ನೋಡುತ್ತಾ ಡಾಕ್ಟರು ಕೇಳಿದರು.

ಯಾರೋ ಕಿವಿಯಲ್ಲಿ ಮಾತಾಡುತ್ತಾರೆನ್ನುವ ಕಾಯಿಲೆಗೆ ಚಿಕ್ಕಮ್ಮ ವರ್ಷಗಳಿಂದ ಗುಳಿಗೆ ನುಂಗುವವಳು. “ಬಚ್ಚಲದಾಗ ಇರುವಿ ಭಾಳ ಆಗ್ಯಾವ, ನನ್ನ ಕಾಲಾಗೂ ಹರದಾಡ್ತಾವ” ಎಂದಾಗ, ಮತ್ತೆ ಶುರುವಾಯಿತು ಎಂದುಕೊಂಡೆವು. ಬಚ್ಚಲಿನ ಇರುವೆಗೆ ಪುಡಿ ಹಾಕಿದೆ. ಕಾಲಿನ ಇರುವೆಗೆಂದು ಮನೋವೈದ್ಯರ ಹತ್ತಿರ ಹೋಗಿ ಗುಳಿಗೆ ಹೆಚ್ಚು ಮಾಡಿಸಿಕೊಂಡು ಬಂದೆವು. ಸಕ್ಕರೆ ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಕಾಲಲ್ಲಿ ಇರುವೆ ಹರಿದಂತಾಗಿದ್ದು ಆ ಕಾಯಿಲೆಯಿಂದ ನರ ಕೆಟ್ಟಿದ್ದಕ್ಕಂತೆ; ಮೂತ್ರದಲ್ಲೂ ಸಕ್ಕರೆ ಹೋಗುತ್ತಿತ್ತಂತೆ. ಅದು ಇರುವೆಗೆ ಗೊತ್ತಾಗಿತ್ತು, ನಮಗಾಗಲಿಲ್ಲ.

ಪಾದ ತೆಗೆದರು. ಇಲ್ಲದ ಆ ಪಾದದಲ್ಲಿ ಇವತ್ತಿಗೂ ಇರುವೆ ಹರಿದಾಡುತ್ತವೆ ಎನ್ನುತ್ತಾಳೆ ಚಿಕ್ಕಮ್ಮ. ಈಗ ನಾವೆಲ್ಲ ನಂಬುತ್ತೇವೆ.