ಅಕ್ಕನ ತಂಡಕ್ಕೆ ಭಾವ ಹಾಕಿದ ಡ್ಯೂಟಿ

ನನ್ನ ಭಾವ ಬಸ್ ಡಿಪೋದಲ್ಲಿ ಡ್ಯೂಟಿ ಗುಮಾಸ್ತ. ಯಾವ ಡ್ರೈವರಿಗೆ ಯಾವ ಬಸ್ಸು, ಯಾರಿಗೆ ರಜೆ, ಯಾರ ಬದಲಿಗೆ ಯಾರು ಎಂದು ದಿನವೂ ಪಟ್ಟಿ ಬರೆದು ಗೋಡೆಗೆ ಅಂಟಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಇವರ ಹತ್ತಿರ ಪಟ್ಟಿ ಬರೆಯಲು ಕಲಿತ ಇಬ್ಬರು ಈಗ ಇವರಿಗೇ ಮೇಲಧಿಕಾರಿಗಳು. ಬಡ್ತಿಯ ಮಾತು ಬಂದಾಗಲೆಲ್ಲ, "ನಿಮ್ಮಷ್ಟು ಚೆನ್ನಾಗಿ ಡ್ಯೂಟಿ ಹಾಕೋರು ಇನ್ನೊಬ್ಬರಿಲ್ಲ. ನೀವು ಮೇಲೆ ಹೋದ್ರೆ ಇಲ್ಲಿ ಯಾರ್ ನೋಡ್ಕೋತಾರೆ?" ಎಂದು ಬೆನ್ನು ತಟ್ಟಿ ಅಲ್ಲೇ ಕೂರಿಸುತ್ತಾರೆ. ಭಾವ ಅದನ್ನು ಮನೆಗೆ ಬಂದು ನಗುತ್ತಾ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅಕ್ಕನ ಕಥೆ ಬೇರೆ. ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ; ಸಂಜೆಯಾದರೆ ಕಂಪ್ಯೂಟರಿನಲ್ಲಿ ಒಂದು ಬೇಸ್‌ಬಾಲ್ ತಂಡದ ಒಡತಿ. ಇದರಲ್ಲಿ ಯಾರೂ ಬ್ಯಾಟು ಹಿಡಿಯುವುದಿಲ್ಲ. ಬೇರೆ ಬೇರೆ ಊರಿನ ಮೂವತ್ತು ಜನ ಒಬ್ಬೊಬ್ಬರು ಒಂದೊಂದು ತಂಡ ಇಟ್ಟುಕೊಂಡು, ಯಾರು ಆಡಬೇಕು ಎಂದು ಪಟ್ಟಿ ಮಾಡಿಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ತಾನೇ ಪಂದ್ಯ ಆಡಿ ಮುಗಿಸುತ್ತದೆ. ಮೇಲೊಂದು ದೊಡ್ಡ ತಂಡ, ಅದರ ಕೆಳಗೆ ಮೆಟ್ಟಿಲಿನ ಹಾಗೆ ನಾಲ್ಕು ಕಿರಿಯ ತಂಡಗಳು. ಕೆಳಗೆ ಪಳಗಿದವರನ್ನು ಒಂದೊಂದೇ ಮೆಟ್ಟಿಲು ಹತ್ತಿಸಬೇಕಂತೆ. ಆ ಆಟಗಾರರೂ ಇಲ್ಲ, ಮೈದಾನವೂ ಇಲ್ಲ. ಆದರೂ ಅವರಿಗೆ ಭುಜ ನೋವು ಬಂದರೆ ನಮ್ಮಕ್ಕನಿಗೆ ಊಟ ಸೇರುವುದಿಲ್ಲ. ಇದೆಂಥ ಹುಚ್ಚೋ, ನನಗೆ ಇವತ್ತಿಗೂ ತಲೆಬುಡ ತಿಳಿದಿಲ್ಲ.

ಹೋದ ತಿಂಗಳು ಅಕ್ಕನ ಕಣ್ಣಿಗೆ ಆಪರೇಷನ್ ಆಯಿತು. ಎರಡು ವಾರ ಬೋರಲು ಮಲಗಿಯೇ ಇರಬೇಕು, ಪರದೆಯ ಕಡೆ ನೋಡಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಮನೆ ನೋಡಿಕೊಳ್ಳಲು ನಾನು ಬಂದೆ. ತಂಡ ನೋಡಿಕೊಳ್ಳುವ ಕೆಲಸ ಭಾವನ ತಲೆಗೆ ಬಿತ್ತು.

"ದಿನಾ ಇನ್ನೂರು ಡ್ರೈವರಿಗೆ ಡ್ಯೂಟಿ ಹಾಕ್ತೀನಿ. ಇದೇನ್ ಮಹಾ?" ಎಂದರು ಭಾವ.

ಅಕ್ಕ ಮಂಚದ ತುದಿಯಿಂದ ಮುಖ ಕೆಳಗೆ ಹಾಕಿಕೊಂಡು ನೆಲದ ಜೊತೆ ಮಾತಾಡುವವಳಂತೆ ಹೇಳಿದಳು: "ಏನಾದ್ರೂ ಮಾಡ್ಕೊಳ್ಳಿ. ಉದ್ದನ್ನ ಮಾತ್ರ ಮುಟ್ಟಬೇಡಿ."

ಉದ್ದ ಎಂದರೆ ಚೆಂಡು ಎಸೆಯುವ ಒಬ್ಬ ಹುಡುಗ. ಎತ್ತರವಾಗಿದ್ದಾನೆಂದು ಅಕ್ಕ ಇಟ್ಟ ಹೆಸರು. ಹದಿನೇಳರವನಿದ್ದಾಗ ಆರಿಸಿ, ನಾಲ್ಕು ವರ್ಷ ಅವಸರ ಮಾಡದೆ ಒಂದೊಂದೇ ಮೆಟ್ಟಿಲು ಹತ್ತಿಸಿದ್ದಳು. ಮುಂದಿನ ವರ್ಷ ದೊಡ್ಡ ತಂಡಕ್ಕೆ ತರುವ ಆಸೆ. ಅವಳು ಇಷ್ಟು ವರ್ಷ ಕೂತದ್ದೆಲ್ಲ ಅವನೊಬ್ಬನಿಗಾಗಿ ಎಂದರೂ ತಪ್ಪಿಲ್ಲ.

ನಾಲ್ಕನೆಯ ದಿನ ದೊಡ್ಡ ತಂಡದಲ್ಲಿ ಚೆಂಡು ಹಿಡಿಯುವವನ ಬೆರಳು ಮುರಿಯಿತು. ಅವನ ಜಾಗಕ್ಕೆ ಕೆಳಗಿನಿಂದ ಒಬ್ಬ ಬೇಕು. "ಎರಡನೇ ಮೆಟ್ಟಿಲಲ್ಲಿ ಒಬ್ಬ ಹುಡುಗ ಇದಾನೆ, ಅವನನ್ನ ತಗೊಳ್ಳಿ" ಎಂದಳು ಅಕ್ಕ. ಭಾವ ಕನ್ನಡಕ ಏರಿಸಿ, ರೂಲು ಹಾಕಿದ ನೋಟ್‌ಬುಕ್ಕಿನಲ್ಲಿ ಎಲ್ಲರ ಸೇವಾವಧಿ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಒಂದು ಕಡೆ ನಿಂತರು. ಅದೇ ಮೆಟ್ಟಿಲಲ್ಲಿ ಚೆಂಡು ಹಿಡಿಯುವ, ಮೂವತ್ತೈದು ವರ್ಷದ ಇನ್ನೊಬ್ಬನಿದ್ದ. ಅಕ್ಕ ಅವನನ್ನು ಅಜ್ಜ ಎನ್ನುತ್ತಾಳೆ. ಹದಿನಾಲ್ಕು ವರ್ಷದಿಂದ ಕೆಳಗೇ ಇದ್ದಾನೆ, ಒಂದು ದಿನವೂ ಮೇಲೆ ಆಡಿಲ್ಲ.

"ಸೀನಿಯರ್ ಇರೋವಾಗ ಜೂನಿಯರ್‌ನ ಹೇಗೆ ಹಾಕೋದು? ನಮ್ಮ ಡಿಪೋದಲ್ಲಾಗಿದ್ರೆ ಕುತ್ತಿಗೆ ಪಟ್ಟಿ ಹಿಡೀತಿದ್ರು" ಎಂದು ಅಜ್ಜನನ್ನೇ ಆರಿಸಿದರು.

ಕಂಪ್ಯೂಟರ್ ಒಪ್ಪಲಿಲ್ಲ. ಮೇಲೆ ಆಡಲು ಅರ್ಹರಾದವರ ಪಟ್ಟಿಯೇ ಬೇರೆಯಂತೆ; ಅಕ್ಕ ಹೇಳಿದ ಹುಡುಗ, ಉದ್ದ ಇಬ್ಬರೂ ಕೆಳಗೆ ಆಡುತ್ತಿದ್ದರೂ ಅದರಲ್ಲಿದ್ದರು, ಅಜ್ಜ ಇರಲಿಲ್ಲ. ನಲವತ್ತು ಜನರ ಆ ಮುಖ್ಯ ಪಟ್ಟಿ ತುಂಬಿದೆ, ಅಜ್ಜ ಒಳಗೆ ಬರಬೇಕಾದರೆ ಒಬ್ಬ ಹೊರಗೆ ಹೋಗಬೇಕು ಎಂದಿತು. ಭಾವ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಕ್ಕನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಹತ್ತು ಗಂಟೆಗೆ ಆರೇ ನಿಮಿಷ ಬಾಕಿ. ಡಿಪೋ ನಿಯಮದಂತೆ ಕೊನೆಗೆ ಸೇರಿದವನು ಮೊದಲು ಹೊರಗೆ. ಆ ಪಟ್ಟಿಗೆ ಕೊನೆಗೆ ಸೇರಿದವನು ಉದ್ದ.

"ಭಾವ, ಅವನನ್ನ ಮುಟ್ಟಬಾರದು ಅಂದಿದ್ಲು."

"ಎಲ್ಲಿ ಮುಟ್ಟಿದೆ? ಅವನ ತಂಡ ಅದೇ, ಮೆಟ್ಟಿಲು ಅದೇ. ಪಟ್ಟಿಯಿಂದ ಹೆಸರಷ್ಟೇ ತೆಗೆದಿದ್ದು."

ನನಗೂ ಸರಿ ಎನಿಸಿತು. ಅಲ್ಲಿಗೆ ಇಬ್ಬರೂ ಸೇರಿ ಬುದ್ಧಿವಂತರಾದೆವು.

ಎರಡು ದಿನದ ಮೇಲೆ ಒಂದು ಸಂದೇಶ ಬಂತು. ಆ ಪಟ್ಟಿಯಿಂದ ಹೆಸರು ಬಿಟ್ಟುಹೋದವನನ್ನು ಬೇರೆ ಯಾವ ತಂಡದವರು ಬೇಕಾದರೂ ಕೇಳಿ ತೆಗೆದುಕೊಳ್ಳಬಹುದಂತೆ. ಯಾರೋ ಕೇಳಿದ್ದರು. ಉದ್ದ ಹೋಗಿದ್ದ.

"ಟ್ರಾನ್ಸ್‌ಫರ್ ಆರ್ಡರ್ ಇಲ್ಲದೆ ಬೇರೆ ಡಿಪೋದವರು ಹೇಗೆ ಕರ್ಕೊಂಡು ಹೋಗ್ತಾರೆ?" ಎಂದು ಭಾವ ಮೂರು ಸಲ ಕೇಳಿದರು. ಯಾರನ್ನು ಕೇಳುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಕಣ್ಣು ವಾಸಿಯಾಗುವವರೆಗೆ ಮುಚ್ಚಿಡೋಣ ಎಂದೆ ನಾನು. ಭಾವ ಬೇಡವೆಂದು ತಲೆಯಾಡಿಸಿದರು, ಎದ್ದು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತರು, ಎಲ್ಲವನ್ನೂ ಹೇಳಿಬಿಟ್ಟರು.

ಅಕ್ಕನ ಮುಖ ನಮಗೆ ಕಾಣುತ್ತಿರಲಿಲ್ಲ. ನೆಲದ ಮೇಲೆ ಎರಡು ಹನಿ ಬಿದ್ದದ್ದು ಕಂಡಿತು.

"ನಾಲ್ಕು ವರ್ಷ ರೀ" ಎಂದಳು.

"ತಪ್ಪಾಯ್ತು ಕಣೇ. ಅಜ್ಜ ಸೀನಿಯರ್ ಅಲ್ವಾ ಅಂತ..."

"ಅಜ್ಜನ್ನ ನಾನು ಸುಮ್ನೆ ಕೆಳಗಿಟ್ಟಿದ್ನಾ? ಅವನಷ್ಟು ಚೆನ್ನಾಗಿ ಹುಡುಗರನ್ನ ಪಳಗಿಸೋರು ಇನ್ನೊಬ್ಬರಿಲ್ಲ. ಉದ್ದನ್ನ ತಿದ್ದಿದ್ದೇ ಅವನು. ಅವನು ಮೇಲೆ ಹೋದ್ರೆ ಅಲ್ಲಿ ಯಾರ್ ನೋಡ್ಕೋತಾರೆ?"

ಭಾವ ನೋಟ್‌ಬುಕ್ಕನ್ನು ಮುಚ್ಚಿದರು.

"ನನಗೂ ಹಾಗೇ ಹೇಳ್ತಾರೆ" ಎಂದರು. ಈ ಸಲ ನಗಲಿಲ್ಲ.

ಅಕ್ಕ ಮಂಚದಿಂದ ಒಂದು ಕೈ ಇಳಿಬಿಟ್ಟು ತಡಕಾಡಿದಳು. ಮೊದಲು ನೋಟ್‌ಬುಕ್ಕು ಸಿಕ್ಕಿತು, ಆಮೇಲೆ ಭಾವನ ಮಣಿಕಟ್ಟು. ಅದನ್ನು ಹಿಡಿದುಕೊಂಡಳು.

"ಇವತ್ತು ಆಡಿದ್ನಾ ಅಜ್ಜ?"

"ಆಡಿದ. ನಾಲ್ಕು ಸಲ ಬ್ಯಾಟ್ ಹಿಡಿದ. ಒಂದೂ ತಾಗಲಿಲ್ಲ."

ಅಕ್ಕ ಮೂಗು ಎಳೆದುಕೊಂಡಳು.

"ನಾಳೇನೂ ಅವನನ್ನೇ ಹಾಕಿ" ಎಂದಳು.