ವಿಶಾಲಮ್ಮನ ಪಥ್ಯ

ಹಾನುಬಾಳಿನ ಸುತ್ತ ಯಾರಿಗೆ ಕಾಮಾಲೆಯಾದರೂ ಜನ ವಿಶಾಲಮ್ಮನ ಬಾಗಿಲಿಗೆ ಬರುತ್ತಿದ್ದರು. ಔಷಧಿ ಕೊಡುವವರು ಬೇರೆ, ಪಥ್ಯ ಹೇಳುವವಳು ಇವಳು. ಉಪ್ಪು, ಹುಳಿ, ಖಾರ ಮೂರನ್ನೂ ಬಿಡಿಸಿ ಎಸ್ಟೇಟ್ ಯಜಮಾನರ ತಾಯಿಯನ್ನೇ ಸಪ್ಪೆ ಗಂಜಿಗೆ ಕೂರಿಸಿದ ಹೆಂಗಸು. ಕದ್ದು ಉಪ್ಪಿನಕಾಯಿ ನೆಕ್ಕಿದವರನ್ನು ಮುಖ ನೋಡಿಯೇ ಹಿಡಿಯುತ್ತಾಳೆಂದು ಹೆಸರು. ಆ ಹೆಸರಿನ ಮೇಲೆ ಅವಳಿಗೂ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಗಂಡ ಪುಟ್ಟಸ್ವಾಮಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ, ಮುತ್ತಿನಂಥ ಅಕ್ಷರ. ಆದರೆ ವರ್ಷಕ್ಕೊಮ್ಮೆ ವಾರಗಟ್ಟಲೆ ನಿದ್ದೆಯಿಲ್ಲದೆ ಹಾಡಿ, ಕೂಗಾಡಿ, ಕಂಡವರಿಗೆಲ್ಲ ಮನೆಯ ಪಾತ್ರೆ ಹಂಚುತ್ತಿದ್ದ. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅರವತ್ತೊಂಬತ್ತನೇ ಇಸವಿಯಲ್ಲಿ ಯಜಮಾನರು ಗಂಡಹೆಂಡತಿಯನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಲಿಥಿಯಂ ಎಂಬ ಹೊಸ ಮಾತ್ರೆ ಕೊಟ್ಟರು.

"ದಿನಕ್ಕೆ ಮೂರೇ. ಕೈ ಸ್ವಲ್ಪ ನಡುಗಬಹುದು, ಬಾಯಾರಿಕೆ ಆಗಬಹುದು. ನೀರು ಚೆನ್ನಾಗಿ ಕುಡೀಲಿ, ಊಟದ ಉಪ್ಪು ಎಂದಿನಷ್ಟೇ ಇರಲಿ. ವಾಂತಿ ಭೇದಿ ಆದ್ರೆ, ನಡಿಗೆ ತೂರಾಡಿದ್ರೆ ಮಾತ್ರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮುಂದಿನ ವಾರ ರಕ್ತ ಪರೀಕ್ಷೆಗೆ ಬನ್ನಿ."

ವಿಶಾಲಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಇಷ್ಟು ಜೋರಾದ ಔಷಧಿಗೆ ಪಥ್ಯವಿಲ್ಲವೆಂದರೇನು, ಪಟ್ಟಣದ ಡಾಕ್ಟರಿಗೆ ಏನು ಗೊತ್ತು, ಎಂದುಕೊಂಡೇ ಬಸ್ಸು ಹತ್ತಿದಳು. ಮಾರನೆಯ ದಿನದಿಂದ ಗಂಡನಿಗೆ ಸಪ್ಪೆ ಊಟ. ಸೊರಗಿದವನ ರಕ್ತ ಬೇರೆ ತೆಗೆಸುವುದೇ ಎಂದು ಪರೀಕ್ಷೆಯನ್ನೂ ಬಿಟ್ಟಳು.

ಹದಿನೈದು ದಿನ ಎಲ್ಲ ಸರಿಯಿತ್ತು. ಪುಟ್ಟಸ್ವಾಮಿ ನಿದ್ದೆ ಮಾಡಿದ, ಹಾಜರಿ ಬರೆದ. ಆಮೇಲೆ ಕೈ ನಡುಗತೊಡಗಿತು. ದಿನದಿನಕ್ಕೆ ನಡುಕ ಹೆಚ್ಚಿ ಅಕ್ಷರಗಳು ಗೆರೆ ಬಿಟ್ಟು ಓಡಿದವು. ಎಲ್ಲೋ ಪಥ್ಯ ಕೆಟ್ಟಿದೆಯೆಂದು ವಿಶಾಲಮ್ಮ ಮಜ್ಜಿಗೆಯ ಚಿಟಿಕೆ ಉಪ್ಪನ್ನೂ ನಿಲ್ಲಿಸಿದಳು. ವಾಂತಿ ಭೇದಿ ಹಿಡಿಯಿತು. ಭೇದಿಗೆ ನೀರು ಕೂಡದೆಂದು ಚೊಂಬು ದೂರವಿಟ್ಟಳು. ಡಾಕ್ಟರ ಮಾತು ನೆನಪಾಗದೆ ಇರಲಿಲ್ಲ. ಪಥ್ಯ ಗಟ್ಟಿಯಾದರೆ ಎಲ್ಲ ನಿಲ್ಲುತ್ತದೆಂದು ಅದನ್ನು ತಳ್ಳಿಹಾಕಿದಳು.

ಮೂರನೆಯ ದಿನ ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಡೆದ. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು.

"ವಿಶಾಲೂ, ಒಂದ್ ಹರಳು ಉಪ್ಪು ಕೊಡೇ."

"ಇನ್ನೆಂಟು ದಿನ ತಡ್ಕಳ್ರೀ. ಈಗ ಕೊಟ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗೋಯ್ತದೆ," ಎಂದು ತನ್ನ ಕೈಯಾರೆ ಮಾತ್ರೆ ನುಂಗಿಸಿದಳು.

ಸಂಜೆಗೆ ಅವನಿಗೆ ಹೆಂಡತಿಯ ಗುರುತೇ ಹತ್ತಲಿಲ್ಲ. ಕಾಫಿ ಕೊಳ್ಳಲು ಎಸ್ಟೇಟಿಗೆ ಬಂದಿದ್ದ ಖಲಂದರ್ ಸಾಹೇಬರು ಮೂಟೆ ಇಳಿಸಿ ತಮ್ಮ ಜೀಪಿನಲ್ಲಿ ಇಬ್ಬರನ್ನೂ ಸಕಲೇಶಪುರದ ಆಸ್ಪತ್ರೆಗೆ ಮುಟ್ಟಿಸಿದರು.

"ಊಟಕ್ಕೆ ಏನು ಕೊಡ್ತಿದ್ರಿ?" ಎಂದರು ಅಲ್ಲಿನ ಡಾಕ್ಟರು, ಮಾತ್ರೆಯ ಚೀಟಿ ಓದುತ್ತ.

"ಪಥ್ಯದಲ್ಲಿ ಒಂದ್ಚೂರೂ ತಪ್ಪಿಲ್ಲ ಸ್ವಾಮಿ. ತಿಂಗಳಿಂದ ಅನ್ನ ಸಾರಿಗೆ ಉಪ್ಪು ಮುಟ್ಸಿಲ್ಲ."

ಡಾಕ್ಟರು ಚೀಟಿ ಕೆಳಗಿಟ್ಟರು. "ಉಪ್ಪು, ನೀರು ಕಡಿಮೆಯಾದ್ರೆ ಈ ಮಾತ್ರೆ ಮೈಯಿಂದ ಹೊರಗೆ ಹೋಗಲ್ಲ ತಾಯಿ. ಒಳಗೇ ತುಂಬ್ಕೊಂಡು ವಿಷ ಆಗುತ್ತೆ."

ಗಂಡನ ತೋಳಿಗೆ ಬಾಟಲಿ ಏರಿತು. ಹನಿ ಬೀಳುವುದನ್ನು ನೋಡುತ್ತ ಅವಳು ಕಾಂಪೌಂಡರನ್ನು ಕೇಳಿದಳು, "ಅದ್ರಾಗೇನೈತಪ್ಪ?"

"ಉಪ್ನೀರು ಕಣಮ್ಮ."

ವಿಶಾಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಪುಟ್ಟಸ್ವಾಮಿ ಬದುಕಿದ. ರೈಟರ್ ಕೆಲಸ ಉಳಿಯಲಿಲ್ಲ, ಕೈ ನಡುಕ ಪೂರ್ತಿ ಹೋಗಲಿಲ್ಲ. ವಿಶಾಲಮ್ಮ ಮತ್ತೆ ಯಾರಿಗೂ ಪಥ್ಯ ಹೇಳಲಿಲ್ಲ. ಊಟಕ್ಕೆ ಕೂತಾಗ ಎಲೆಯ ತುದಿಗೆ ಅವಳೇ ಉಪ್ಪು ಬಡಿಸುತ್ತಿದ್ದಳು. ಅವನ ಕೈಯಿಂದ ಚೆಲ್ಲಿದ ಹರಳುಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಎಲೆಗೆ ಹಾಕುತ್ತಿದ್ದಳು.